ಆರು ಡಾಲರಿನ ವಾದ್ಯ

ಅಮೆರಿಕದ ನ್ಯೂಜೆರ್ಸಿಯಲ್ಲಿ ಬೇಸಿಗೆ ಬಂತೆಂದರೆ, ಶನಿವಾರ ಬೆಳಿಗ್ಗೆ ಜನ ಮನೆಯ ಹಳೆ ಸಾಮಾನುಗಳನ್ನು ಅಂಗಳದಲ್ಲಿ ಹರಡಿಕೊಂಡು ಮಾರಲು ಕೂರುತ್ತಾರೆ. ಇಲ್ಲಿಗೆ ಬಂದ ಹೊಸತರಲ್ಲಿ ನಮ್ಮ ಅರ್ಧ ಮನೆ ತುಂಬಿದ್ದೇ ಇಂಥ ಅಂಗಳಗಳಿಂದ. ಈಗ ಕೊಳ್ಳಬೇಕಾದ್ದೇನೂ ಇಲ್ಲ. ಆದರೂ ಕಾರು ನಿಲ್ಲಿಸುವ ಚಟ ಹೋಗಿಲ್ಲ.

ಹಾಗೆ ನಿಲ್ಲಿಸಿದ ಒಂದು ಮನೆಯ ಮುಂದೆ, ಗೊಂಬೆಗಳ ಪೆಟ್ಟಿಗೆಯೊಳಗೆ ಪುಟ್ಟ ಗಿಟಾರಿನಂಥದ್ದೊಂದು ಕಂಡಿತು. ನಾಲ್ಕೇ ತಂತಿ. ಹಿಂಬದಿ ಬೀಟೆ ಮರದಂತೆ ಕಂದು, ಮುಂಬದಿ ಕೆನೆ ಬಣ್ಣ. ಮುಟ್ಟಿದರೆ ಮರವಲ್ಲ, ಪ್ಲಾಸ್ಟಿಕ್. ನಮ್ಮ ಮಗಳು ಅದನ್ನು ಎತ್ತಿಕೊಂಡದ್ದೇ ತಡ, ಕುರ್ಚಿಯಲ್ಲಿದ್ದ ವೃದ್ಧೆ ಕೈ ತಡೆದರು.

“ಅದು ನನ್ನ ಅಣ್ಣನ ಯುಕುಲೇಲೆ. ಆಟಿಕೆ ಅಲ್ಲ. ನುಡಿಸುವವರಿಗೆ ಮಾತ್ರ ಕೊಡುತ್ತೇನೆ.”

“ನಾವು ನುಡಿಸುತ್ತೇವೆ” ಎಂದುಬಿಟ್ಟೆವು. ಇಬ್ಬರೂ ಒಟ್ಟಿಗೇ ಹೇಳಿದ ಸುಳ್ಳು ಅದು. ಊರಿನ ಮದುವೆಗಳಲ್ಲಿ ದಫ್ ಕೇಳಿದ್ದಷ್ಟೇ ನಮ್ಮ ಸಂಗೀತ ಜ್ಞಾನ. ಐದು ಡಾಲರ್ ಕೊಟ್ಟು ತಂದೆವು. ದಾರಿಯಲ್ಲಿ ಮಗಳು ಕೇಳಿದಳು: “ಯಾವಾಗ ನುಡಿಸುತ್ತೀರಿ?”

ಅವಳ ಮುಖ ನೋಡಲಾಗದೆ ಕಲಿಯಲು ಕುಳಿತೆವು. ಯುಕುಲೇಲೆ ನಮ್ಮಂಥವರ ಮೇಲೆ ಕರುಣೆಯುಳ್ಳ ವಾದ್ಯ. ನೈಲಾನ್ ತಂತಿ ಬೆರಳಿಗೆ ಚುಚ್ಚುವುದಿಲ್ಲ. ಕೊನೆಯ ತಂತಿಯ ಮೂರನೆಯ ಮನೆಯಲ್ಲಿ ಒಂದೇ ಬೆರಳಿಟ್ಟು ನಾಲ್ಕೂ ತಂತಿ ಮೀಟಿದರೆ ‘ಸಿ’ ಎಂಬ ಸ್ವರಗುಚ್ಛ ಸಿದ್ಧ. ಅಂಥ ಮೂರು ಗುಚ್ಛ ಬಂದರೆ ಎಷ್ಟೋ ಹಾಡುಗಳಿಗೆ ಜೊತೆ ಕೊಡಬಹುದು. ಮೂರನೆಯದು ಬರಲು ನಮಗೆ ಒಂದು ತಿಂಗಳು ಹಿಡಿಯಿತು, ಇರಲಿ.

ಕಲಿಯುತ್ತಾ ಹೋದಂತೆ ಇದನ್ನು ಮಾಡಿದವರು ಯಾರೆಂಬ ಕುತೂಹಲ ಹುಟ್ಟಿತು. ಯುಕುಲೇಲೆ ಹವಾಯಿಯದೆಂದು ಲೋಕವೇ ಹೇಳುತ್ತದೆ. ಆದರೆ ಅದರ ಪೂರ್ವಜ ವಾದ್ಯವನ್ನು ಅಲ್ಲಿಗೆ ತಂದವರು ಪೋರ್ಚುಗಲ್ಲಿನ ಮದೇರಾ ದ್ವೀಪದಿಂದ 1879ರಲ್ಲಿ ಕಬ್ಬಿನ ತೋಟಗಳ ಕೆಲಸಕ್ಕೆಂದು ಹಡಗು ಹತ್ತಿದ ಜನ. ಕೂಲಿಗೆ ಬಂದವರ ಕೈಯಲ್ಲಿದ್ದ ಸಾಮಾನು ಆ ನಾಡಿನ ಗುರುತೇ ಆಗಿಬಿಟ್ಟಿತು. ವಲಸೆ ಬಂದ ನಮಗೆ ಈ ಸಂಗತಿ ಸ್ವಲ್ಪ ಹೆಚ್ಚೇ ಹಿತವೆನಿಸಿತು.

ನಮ್ಮ ಪ್ಲಾಸ್ಟಿಕ್ ಯುಕುಲೇಲೆಯ ಜನಕನೂ ವಲಸಿಗನೇ. ಹೆಸರು ಮಾರಿಯೋ ಮಕಫೆರ್ರಿ. ಇಟಲಿಯ ಚೆಂತೋದಲ್ಲಿ 1900ರಲ್ಲಿ ಹುಟ್ಟಿ, ಬಾಲ್ಯದಲ್ಲೇ ವಾದ್ಯ ತಯಾರಕ ಲುಯಿಜಿ ಮೊಜ್ಜಾನಿಯ ಬಳಿ ಕೆಲಸಕ್ಕೆ ಸೇರಿದವರು. ವಾದ್ಯ ಮಾಡುವುದಷ್ಟೇ ಅಲ್ಲ, ಸ್ವತಃ ಕಛೇರಿ ನಡೆಸುವ ಗಿಟಾರ್ ವಾದಕರೂ ಹೌದು. ಪ್ಯಾರಿಸ್ಸಿನ ಸೆಲ್ಮರ್ ಕಂಪೆನಿಗಾಗಿ 1930ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಮರದ ಗಿಟಾರು ಜ್ಯಾಂಗೋ ರೈನ್‌ಹಾರ್ಟ್‌ನ ಕೈಸೇರಿ ಜಗತ್ಪ್ರಸಿದ್ಧವಾಯಿತು. ಅಷ್ಟರಲ್ಲಿ, 1933ರಲ್ಲಿ, ಈಜುಕೊಳದಲ್ಲಾದ ಅಪಘಾತವೊಂದು ಮಕಫೆರ್ರಿಯ ಕೈಯನ್ನು ಘಾಸಿಗೊಳಿಸಿತು. ಕಛೇರಿಯ ಬದುಕು ಅಲ್ಲಿಗೆ ಮುಗಿಯಿತು. 1939ರಲ್ಲಿ ಅಮೆರಿಕ ಸೇರಿದರು. ಯುದ್ಧದಿಂದಾಗಿ ಕ್ಲಾರಿನೆಟ್ ಮುಂತಾದ ವಾದ್ಯಗಳ ರೀಡ್‌ಗೆ ಬೇಕಾದ ಫ್ರಾನ್ಸಿನ ಬೆತ್ತ ಬಾರದಾದಾಗ ಪ್ಲಾಸ್ಟಿಕ್ ರೀಡ್ ಮಾಡಿದರು. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪನ್ನೂ ಮಾಡಿದರು. 1949ರಲ್ಲಿ ‘ಐಲ್ಯಾಂಡರ್’ ಎಂಬ ಯುಕುಲೇಲೆ ತಂದರು. ಬೆಲೆ ಸುಮಾರು ಆರು ಡಾಲರ್. ಆರ್ಥರ್ ಗಾಡ್‌ಫ್ರೇ ಎಂಬ ಜನಪ್ರಿಯ ನಿರೂಪಕ ರೇಡಿಯೋ, ಟಿ.ವಿ.ಗಳಲ್ಲಿ ಹೊಗಳಿದ್ದೇ ಸಾಕಾಯಿತು. ಅವರ ಪ್ಲಾಸ್ಟಿಕ್ ಯುಕುಲೇಲೆಗಳು ಒಟ್ಟು 90 ಲಕ್ಷದಷ್ಟು ಖರ್ಚಾದವೆಂದು ಹೇಳಲಾಗುತ್ತದೆ.

ಅಚ್ಚಿನಲ್ಲಿ ಎರೆದ ವಾದ್ಯದ ಗುಣವೆಂದರೆ, ಅಚ್ಚು ಸರಿಯಾಗಿದ್ದರೆ ಅದರಿಂದ ಬಂದ ಪ್ರತಿಯೊಂದರಲ್ಲೂ ಸ್ವರದ ಮನೆಗಳು ಕರಾರುವಾಕ್ಕು. ಮಕಫೆರ್ರಿ ಅಗ್ಗದ ಮಾಲನ್ನು ಅಗ್ಗದ ಮನಸ್ಸಿನಿಂದ ಮಾಡಲಿಲ್ಲ. ನಮ್ಮ ಮಟ್ಟಿಗೆ ಆ ಮನುಷ್ಯನ ದೊಡ್ಡತನ ಇರುವುದು ಇಲ್ಲೇ, ಜ್ಯಾಂಗೋನ ಗಿಟಾರಿನಲ್ಲಲ್ಲ. ಮುಂದೆ 1953ರಲ್ಲಿ ಅವರು ತಂದ ಪ್ಲಾಸ್ಟಿಕ್ ಗಿಟಾರನ್ನು ಜನ ಒಪ್ಪಲಿಲ್ಲ. ಆಟಿಕೆ ಎಂದರು.

ಇಷ್ಟು ತಿಳಿದ ಮೇಲೆ ಕಂಡಲ್ಲೆಲ್ಲ ಕೊಳ್ಳಲಾರಂಭಿಸಿದೆವು. ಅಪರೂಪದ ವಸ್ತುವೇನಲ್ಲ. ಆದರೆ ಹಳೆಯ ಪಾಲಿಸ್ಟೈರೀನ್ ಬಹಳ ಸೂಕ್ಷ್ಮ. ಬಿದ್ದರೆ ಬಿರುಕು, ಬಿಸಿಲಿಗೆ ಹಳದಿ, ಬೇಸಿಗೆಯ ಕಾರಿನೊಳಗೆ ಬಿಟ್ಟರೆ ಸೊಟ್ಟ. ವಿನೈಲ್ ಚೀಲದಲ್ಲಿಟ್ಟರೆ ಚೀಲವೇ ಅದನ್ನು ನಿಧಾನವಾಗಿ ತಿನ್ನುತ್ತದೆ. ಒಂದರ ಕಲೆ ತೆಗೆಯಲು ಉಗುರುಬಣ್ಣ ಅಳಿಸುವ ದ್ರವ ಹಚ್ಚಿದೆವು. ಕಲೆಯ ಜೊತೆ ಮೈಯ ಹೊಳಪೂ ಕರಗಿ, ಹೊಗೆ ಹಿಡಿದಂತಾಯಿತು. ಹಚ್ಚಿದ್ದು ಯಾರೆಂಬ ಬಗ್ಗೆ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ.

ಸಂಖ್ಯೆ ಹನ್ನೊಂದಾಯಿತು. “ಹನ್ನೊಂದು ಎಂತಕ್ಕೆ ಮಗಾ? ನಿಮಗಿರುವುದು ಒಬ್ಬಳೇ ಮಗಳಲ್ಲವಾ?” ಎಂದು ಮಂಗಳೂರಿನಿಂದ ಉಮ್ಮ ಫೋನಿನಲ್ಲಿ ಕೇಳಿದರು. ಉತ್ತರವಿರಲಿಲ್ಲ. ಬಿರುಕು ಬಿಟ್ಟಾವೆಂಬ ಭಯದಿಂದ ಎಲ್ಲದರ ತಂತಿ ಸಡಿಲಿಸಿ ಗಾಜಿನ ಕಪಾಟಿನಲ್ಲಿಟ್ಟೆವು. ಆ ವೃದ್ಧೆಯ ಅಣ್ಣನದನ್ನು ನಟ್ಟನಡುವೆ. ನುಡಿಸುವುದು ನಿಂತೇಹೋಯಿತು. ಬಂದವರಿಗೆ ತೋರಿಸುವುದಷ್ಟೇ ಉಳಿಯಿತು.

ಒಂದು ದಿನ ಅಂಗಡಿಯಲ್ಲಿ ಆ ವೃದ್ಧೆ ಎದುರಾದರು. ಗುರುತು ಹಿಡಿದು, “ಈಗಲೂ ನುಡಿಸುತ್ತೀರಾ?” ಎಂದರು. “ಹೌದು” ಎಂದೆವು. ಮೊದಲ ಸುಳ್ಳನ್ನು ನಿಜ ಮಾಡಿಕೊಂಡಿದ್ದೆವು. ಇದನ್ನು ಹೇಳುವಾಗ ಮಾತ್ರ ಪಕ್ಕದಲ್ಲಿ ಮಗಳಿದ್ದಳು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ರಾತ್ರಿಯೇ ಕಪಾಟು ತೆರೆದೆವು. ವರ್ಷಗಟ್ಟಲೆ ಸಡಿಲವಾಗಿದ್ದ ತಂತಿಗಳನ್ನು ಅವಸರದಲ್ಲಿ ಬಿಗಿದೆವು. ಮೂರನೆಯ ತಂತಿ ಸ್ವರಕ್ಕೆ ಬರುವಷ್ಟರಲ್ಲಿ ‘ಟಕ್’ ಎಂಬ ಸದ್ದು. ಕುದುರೆಯ ಪಕ್ಕದಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು. ಮರದ ಅಂಟು ಇದಕ್ಕೆ ಹಿಡಿಯುವುದಿಲ್ಲ. ಆಟಿಕೆ ವಿಮಾನ ಜೋಡಿಸುವ ಅಂಟು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಒಂದಾಗಿಸುತ್ತದೆ. ಕಡ್ಡಿಯ ತುದಿಯಿಂದ ಅದನ್ನೇ ಹಚ್ಚಿ ಎರಡು ದಿನ ಮುಟ್ಟದೆ ಇಟ್ಟೆವು. ಬಿರುಕು ಕೂಡಿತು. ಆದರೆ ಒಂದು ತಂತಿ ಮೀಟಿದಾಗಲೆಲ್ಲ ದುಂಬಿ ಗುಂಯ್‌ಗುಟ್ಟಿದಂತೆ ಸದ್ದು ಬರತೊಡಗಿತು.

ಮುಂದಿನ ಶನಿವಾರ ಅದನ್ನೇ ಹಿಡಿದು ವೃದ್ಧೆಯ ಮನೆಗೆ ಹೋದೆವು. ನಡೆದದ್ದನ್ನೆಲ್ಲ ಹೇಳಿದೆವು, ಕಪಾಟಿನ ವಿಷಯವನ್ನೂ. ಅವರು ಬಿರುಕಿನ ಮೇಲೆ ಹೆಬ್ಬೆರಳು ಸವರಿ ವಾದ್ಯವನ್ನು ವಾಪಸು ಕೊಟ್ಟರು. “ಸರಿ, ನುಡಿಸಿ.”

ಅವರ ಜಗಲಿಯ ಮೆಟ್ಟಿಲ ಮೇಲೆ ಕೂತು, ಬರುವ ಮೂರು ಗುಚ್ಛಗಳನ್ನೇ ಸರದಿಯಂತೆ ಮೀಟಿದೆವು. ದುಂಬಿ ಗುಂಯ್‌ಗುಡುತ್ತಲೇ ಇತ್ತು. ಮಗಳು ತಾಳ ಹಾಕಿದಳು. ವೃದ್ಧೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ನನ್ನ ಅಣ್ಣ ಇಷ್ಟು ನಿಧಾನವಾಗಿ ನುಡಿಸುತ್ತಿರಲಿಲ್ಲ” ಎಂದರು. “ಇನ್ನೊಮ್ಮೆ.”