ನಾಲ್ಕೂ ಬದಿಗೆ ಅಂಟು

ಮೇ ತಿಂಗಳ ಮಧ್ಯಾಹ್ನ. ತೀರ್ಥಹಳ್ಳಿ ಸೀಮೆಯ ಒಂದು ಮನೆಯ ಜಗಲಿ. ಕರೆಂಟು ಹೋಗಿ ಒಂದು ಗಂಟೆಯಾಗಿದೆ. ನೀವು ಕಾವಿ ನೆಲದ ಮೇಲೆ ಕಾಲು ಮಡಚಿ ಕೂತಿದ್ದೀರಿ, ಬೆನ್ನಿಗೆ ಬಟ್ಟೆ ಅಂಟಿದೆ. ಅಂಗಳದ ಚಾಪೆಯಿಂದ ಹಲಸಿನ ಹಪ್ಪಳದ ವಾಸನೆ ಬರುತ್ತಿದೆ, ಅದರ ಜೊತೆಗೆ ಸಣ್ಣಗೆ ಫೆವಿಕಾಲಿನದು. ಎದುರಿಗೆ ನಿಮ್ಮ ಅಕ್ಕನ ಮಗಳು, ಎಂಟು ವರ್ಷದವಳು, ಗೆರೆಯಿಲ್ಲದ ನೋಟ್‌ಬುಕ್ಕಿನ ಮೇಲೆ ಬಗ್ಗಿದ್ದಾಳೆ. ಅವಳ ಬಲಗೈಯ ಮೂರು ಬೆರಳು ನೇರಳೆಯಾಗಿವೆ.

ಅದು ಬಸಳೆ ಹಣ್ಣಿನ ಬಣ್ಣ. ಹಿತ್ತಲ ಚಪ್ಪರದಿಂದ ಕಿತ್ತು, ಲೋಟದಲ್ಲಿ ಹಿಸುಕಿ, ಅವಳೇ ಮಾಡಿಕೊಂಡದ್ದು. ಎಡಗಡೆಯ ಪುಟದ ತುಂಬ ಅದೇ ಬಣ್ಣದ ಇಲಿಗಳು ಓಡುತ್ತಿವೆ. ಅವುಗಳ ಮುಂದೆ ಜೋಗಿ. ಅರಿಶಿನಕ್ಕೆ ಅಜ್ಜಿಯ ಎಲೆಯಡಿಕೆ ತಟ್ಟೆಯ ಸುಣ್ಣ ಮುಟ್ಟಿಸಿದಾಗ ಅದು ಕಣ್ಣೆದುರೇ ಕೆಂಪಾಯಿತು, ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು. ಆ ಕೆಂಪೇ ಈಗ ಜೋಗಿಯ ಅಂಗಿ.

ನಿಮ್ಮ ಕೈಯಲ್ಲಿರುವುದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಮೂಲ ಪದ್ಯದಲ್ಲಿ ಊರು ಜರ್ಮನಿಯದು, ಕುವೆಂಪು ಕತೆಯನ್ನು ತುಂಗೆಯ ದಡಕ್ಕೆ ತಂದರು. ಈ ಮನೆಯ ತೋಟ ಇಳಿದರೆ ಅದೇ ತುಂಗೆ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಾಳೆ. ಬೆಳಿಗ್ಗೆ ಅಲ್ಲಿಗೆ ಹೋದಾಗ ಹುಡುಗಿ ಕೇಳಿದಳು: “ಇಷ್ಟೇ ನೀರಲ್ಲಿ ಅಷ್ಟು ಇಲಿ ಹೇಗೆ ಮುಳುಗತ್ತೆ ಚಿಕ್ಕಿ?” ಮಳೆಗಾಲದ ಹೊಳೆ ನೆನಪು ಮಾಡ್ಕೋ ಅಂದಿರಿ. ಅದಕ್ಕೇ ಅವಳ ಪುಟದ ಹೊಳೆಗೆ ಕಾಫಿ ಡಿಕಾಕ್ಷನ್ ಬಿದ್ದಿದೆ, ದಡ ಮೀರಿ ಕೆಂಪಗೆ ಹರಿದಿದೆ.

ರಜೆ ಶುರುವಾದ ಮೇಲೆ ಇದು ಆರನೇ ಪುಸ್ತಕ. ಒಂದು ಪುಸ್ತಕ ಓದಿದರೆ ಎರಡು ಪುಟ ಅವಳದು. ಅಂಟಿಸಬಹುದು, ಹರಿಯಬಹುದು, ಬಣ್ಣ ಚೆಲ್ಲಬಹುದು. ಪ್ರಶ್ನೋತ್ತರವಿಲ್ಲ, ಕತೆಯ ನೀತಿ ಏನೆಂದು ಕೇಳುವುದಿಲ್ಲ. ಇದರ ಹಿಂದಿನ ಎರಡು ಪುಟ ತೇಜಸ್ವಿಯವರ ‘ಪರಿಸರದ ಕತೆ’ಯವು. ಆ ಪುಸ್ತಕದ ನಾಯಿಯ ಹೆಸರು ಕಿವಿ. ಹುಡುಗಿ ನಾಯಿಯನ್ನು ಬರೆದೇ ಇಲ್ಲ. ಎರಡು ಪುಟ ತುಂಬುವ ಒಂದು ಜೋಲು ಕಿವಿ ಬರೆದು, ಅದಕ್ಕೆ ಕೇಳಿಸಿರಬಹುದಾದ ಸದ್ದುಗಳನ್ನೆಲ್ಲ ಅಕ್ಷರ ಮಾಡಿ ಒಳಗೆ ತುಂಬಿದ್ದಾಳೆ. ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡನ್ನೂ ಬೇರೆ ಬೇರೆ ಪೀರಿಯಡ್ ಮಾಡಿದ್ದು ಶಾಲೆಯ ಟೈಮ್‌ಟೇಬಲ್. ಮಗುವಿನ ಕೈಗೆ ಆ ಭೇದ ಗೊತ್ತಿಲ್ಲ.

ಮುಂದೆ ಓದುತ್ತೀರಿ. ಇಲಿಗಳ ಕಾಟ ಕಳೆದರೆ ಹಣ ಕೊಡುತ್ತೇನೆಂದಿದ್ದ ಊರ ಗೌಡ ಮಾತಿಗೆ ತಪ್ಪಿದ್ದಾನೆ. ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ, ಈ ಸಲ ಬೀದಿಗೆ ಬರುವುದು ಮಕ್ಕಳು. ನಿಮ್ಮ ದನಿ ತಾನಾಗಿ ತಗ್ಗುತ್ತದೆ. ಹುಡುಗಿಯ ಬ್ರಷ್ಷು ಗಾಳಿಯಲ್ಲೇ ನಿಂತಿದೆ, ತುದಿಯಿಂದ ಒಂದು ಹನಿ ನೆಲಕ್ಕೆ ಬೀಳುತ್ತದೆ. ಬೆಟ್ಟ ಬಾಯಿ ತೆರೆಯುತ್ತದೆ. ಮಕ್ಕಳೆಲ್ಲ ಒಳಗೆ ಹೋಗುತ್ತಾರೆ. ಬೆಟ್ಟ ಮುಚ್ಚಿಕೊಳ್ಳುತ್ತದೆ. ಕಾಲು ಊನವಾದ ಒಬ್ಬ ಹುಡುಗ ಮಾತ್ರ ಹೊರಗೆ.

“ವಾಪಸ್ ಬರಲ್ವಾ?”

ಬರ್ತಾರೆ ಅಂದುಬಿಡಬಹುದು. ಸುಳ್ಳು ನಾಲಿಗೆಯ ತುದಿಗೇ ಬಂದಿದೆ, ಗಂಟಲು ಒಣಗಿದೆ.

“ಇಲ್ಲ ಪುಟ್ಟಿ.”

ಅವಳು ಏನೂ ಹೇಳುವುದಿಲ್ಲ. ಬಲಗಡೆಯ ಪುಟದಲ್ಲಿ ಮಕ್ಕಳನ್ನು ಬರೆಯತೊಡಗುತ್ತಾಳೆ. ಎರಡು ಜಡೆಯವಳು, ಕನ್ನಡಕದವನು, ಹಲ್ಲು ಬಿದ್ದವಳು. ನಿಮಗೆ ಮೆಲ್ಲಗೆ ಗೊತ್ತಾಗುತ್ತದೆ, ಇವರು ಅವಳ ಕ್ಲಾಸಿನವರೇ. ಒಂದೊಂದು ಮುಖಕ್ಕೂ ಹೊತ್ತು ಹಿಡಿಯುತ್ತದೆ. ಆಮೇಲೆ ಹಳೆಯ ಮದುವೆ ಕರೆಯೋಲೆಯ ದಪ್ಪ ರಟ್ಟನ್ನು ಬೆಟ್ಟದ ಆಕಾರಕ್ಕೆ ಕತ್ತರಿಸಿ, ಇದ್ದಿಲು ತಿಕ್ಕಿ ಕಪ್ಪು ಮಾಡುತ್ತಾಳೆ. ಮೊನ್ನೆ ನೀವೇ ಹೇಳಿಕೊಟ್ಟಿದ್ದೀರಿ: ಒಂದೇ ಅಂಚಿಗೆ ಅಂಟು ಹಚ್ಚಿದರೆ ರಟ್ಟು ಬಾಗಿಲಿನ ಹಾಗೆ ತೆರೆಯುತ್ತದೆ, ಒಳಗಿನ ಚಿತ್ರ ಕಾಣುತ್ತದೆ.

ಅಂಗಳ ಒಮ್ಮೆಲೇ ಕಪ್ಪಾಗುತ್ತದೆ. ಗುಡುಗು. ಗಾಳಿಗೆ ಪುಟ ಪಟಪಟ ಎನ್ನುತ್ತದೆ. “ಹಪ್ಪಳ ಎತ್ರೇ, ಮಳೆ ಬಂತು!” ಒಳಗಿನಿಂದ ಅಜ್ಜಿಯ ಕೂಗು. ಏಳಬೇಕು. ಏಳುವುದಿಲ್ಲ. ಹುಡುಗಿ ಅಂಟಿನ ಬಾಟಲಿ ಒತ್ತುತ್ತಿದ್ದಾಳೆ. ಒಂದು ಅಂಚು. ಎರಡನೆಯದು. ಮೂರು. ನಾಲ್ಕು.

ಮರೆತಿದ್ದಾಳೆ. ಹೀಗೆ ಅಂಟಿಸಿದರೆ ಆ ಮುಖಗಳು ಇನ್ನೆಂದೂ ಕಾಣುವುದಿಲ್ಲ. ನಿಮ್ಮ ಕೈ ಮುಂದೆ ಚಾಚಿದೆ, ‘ತಡಿ’ ಎನ್ನಲು ಬಾಯಿ ತೆರೆದಿದೆ. ಅಂಟು ಹಿಡಿಯುವ ಮೊದಲು ಕೀಳಬಹುದು. ಇನ್ನೂ ಹಸಿಯಿದೆ. ಈಗಲೇ. ಆಗ ಅವಳ ಮುಖ ನೋಡುತ್ತೀರಿ. ತುಟಿ ಕಚ್ಚಿಕೊಂಡಿದ್ದಾಳೆ, ಕಣ್ಣು ನೀರಾಗಿದೆ, ಕೈ ಮಾತ್ರ ನಡುಗುತ್ತಿಲ್ಲ. ಮರೆತಿಲ್ಲ.

ನಿಮ್ಮ ಕೈ ಹಿಂದಕ್ಕೆ ಬರುತ್ತದೆ. ಈ ಬೇಸಿಗೆಯಲ್ಲಿ ನೀವು ಮಾಡಿದ ಅತಿ ಕಷ್ಟದ ಕೆಲಸ ಇದು.

ಅವಳು ಎರಡೂ ಅಂಗೈಯಿಂದ ಬೆಟ್ಟವನ್ನು ಒತ್ತುತ್ತಾಳೆ. ನೀವು ಅಂಗಳಕ್ಕೆ ಓಡಿ, ಚಾಪೆ ಸುತ್ತಿ, ಅರ್ಧ ನೆಂದು ಬರುತ್ತೀರಿ. ನಾಲ್ಕಾರು ಹಪ್ಪಳ ಹೋಯಿತು, ಅಜ್ಜಿ ಬಯ್ಯುತ್ತಾಳೆ, ಬಯ್ಯಲಿ. ಮಣ್ಣಿನ ಘಮ ಜಗಲಿಗೆ ನುಗ್ಗಿದೆ. ಹುಡುಗಿ ಕಪ್ಪು ಬೆಟ್ಟದ ಹೊರಗೆ ಒಬ್ಬನನ್ನು ಬರೆಯುತ್ತಿದ್ದಾಳೆ. ಅವನ ಕಿವಿ ಬೆಟ್ಟಕ್ಕೆ ತಾಗಿದೆ.

“ಇನ್ನು ತೆಗೆಯಕ್ಕಾಗಲ್ಲ ಅಲ್ವಾ ಚಿಕ್ಕಿ?”

“ಆಗಲ್ಲ.”

ಅವಳು ಮೂಲೆಯಲ್ಲಿ ತಾರೀಕು ಬರೆದು, ಪುಸ್ತಕ ಮುಚ್ಚಿ, ಮೇಲೆ ಅಜ್ಜಿಯ ಕುಟ್ಟಾಣಿ ಹೇರುತ್ತಾಳೆ.

ರಜೆ ಇನ್ನೂ ಎರಡು ವಾರ ಇದೆ. ನಿಮ್ಮ ಮನೆಯ ಮಗುವಿಗೂ ಗೆರೆಯಿಲ್ಲದ ಒಂದು ನೋಟ್‌ಬುಕ್ಕು ಕೊಡಿಸಿ. ಪಕ್ಕದಲ್ಲಿ ಕೂತು ಕತೆಯನ್ನು ಗಟ್ಟಿಯಾಗಿ ಓದಿ. ಅಂಟು ಎಲ್ಲಿಗೆ ಹಚ್ಚಬೇಕೆಂದು ಮಾತ್ರ ಹೇಳಬೇಡಿ.