ಕಳಿಸದೆ ಉಳಿದ ಪತ್ರ

ಸಂದರ್ಶನ ಚೆನ್ನಾಗಿ ಕೊಟ್ಟರೆ ಸಾಕು, ಬೇಕಾದವರು ಅವರಾಗಿಯೇ ಕರೆಯುತ್ತಾರೆ. ಮತ್ತೆ ಮತ್ತೆ ವಿಚಾರಿಸುವುದು ಕೈಚಾಚಿದ ಹಾಗೆ. ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದ ಮಾತಿದು. ಹಾವೇರಿ ಕಡೆಯಿಂದ ಬೆಂಗಳೂರಿಗೆ ಬಂದ ನಾನೂ ಅದನ್ನೇ ಮರ್ಯಾದೆ ಎಂದುಕೊಂಡಿದ್ದೆ. ಹಾಗೆಂದುಕೊಂಡೇ ಒಂದು ಒಳ್ಳೆಯ ಕೆಲಸ ಕಳೆದುಕೊಂಡೆ.

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ, ಪ್ರೊಡಕ್ಷನ್ ಎಂಜಿನಿಯರ್ ಹುದ್ದೆ. ಸಂದರ್ಶನ ಮಾಡುತ್ತಿದ್ದ ಹಿರಿಯರು ಮೇಜಿನ ಮೇಲಿದ್ದ, ಕೊಳವೆಯಂಥ ಬುಷ್ ಒಂದನ್ನು ನನ್ನ ಕೈಗಿಟ್ಟರು. ಒಳಗೋಡೆಗೆ ಬೆರಳಾಡಿಸಿದರೆ, ಕೊರೆಯುವಾಗ ಟೂಲ್ ಅದುರಿ ಮೂಡಿದ ಸಣ್ಣ ಸಣ್ಣ ಅಲೆಗಳು ತಾಕುತ್ತಿದ್ದವು. "ಈ ಚಾಟರ್ ಹೇಗೆ ನಿಲ್ಲಿಸ್ತೀರಿ?" ಸ್ಪೀಡ್ ಇಳಿಸುತ್ತೇನೆ ಎಂದೆ. "ಅಷ್ಟೇ ಸಾಲದು, ಯೋಚನೆ ಮಾಡಿ" ಎಂದರು. ರಾತ್ರಿ ರೂಮಿಗೆ ಬಂದು ಪುಸ್ತಕ ತೆರೆದೆ. ಒಳಗೋಡೆ ಕೊರೆಯುವ ಟೂಲನ್ನು ಹಿಡಿಯುವ ಉಕ್ಕಿನ ಬೋರಿಂಗ್ ಬಾರ್ ತನ್ನ ವ್ಯಾಸದ ಸುಮಾರು 4 ಪಟ್ಟಿಗಿಂತ ಹೆಚ್ಚು ಹೊರಚಾಚಬಾರದು; ಚಾಚಲೇಬೇಕಾದರೆ ಕಾರ್ಬೈಡ್ ಬಾರ್ ಹಾಕಬೇಕು, ಮೂತಿಯ ರೇಡಿಯಸ್ ಸಣ್ಣದಿರುವ ಇನ್ಸರ್ಟ್ ಬಳಸಬೇಕು. ಇಷ್ಟನ್ನೂ ಮೇಲ್‌ನಲ್ಲಿ ಬರೆದೆ. ಕಳಿಸಲು ಮನಸ್ಸು ಬರಲಿಲ್ಲ. ಕೆಲಸಕ್ಕಾಗಿ ಗೋಗರೆಯುತ್ತಿದ್ದಾನೆ ಅಂದುಕೊಂಡರೆ? ಪತ್ರ ಡ್ರಾಫ್ಟ್‌ನಲ್ಲೇ ಉಳಿಯಿತು. ವಾರದಲ್ಲಿ ತಿಳಿಸುತ್ತೇವೆ ಎಂದಿದ್ದರು, ತಿಳಿಸಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಅಲ್ಲಿನ ಪರಿಚಯದವರೊಬ್ಬರಿಂದ ವಿಷಯ ತಿಳಿಯಿತು. ಮೊದಲು ಆಯ್ಕೆಯಾದವನು ನೋಟಿಸ್ ಪೀರಿಯಡ್‌ನಲ್ಲಿದ್ದಾಗಲೇ ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕಿ ಅತ್ತ ಹೋದ. ಎರಡನೆಯ ಹೆಸರು ನನ್ನದೇ ಇತ್ತಂತೆ. "ಅವನಿಗೆ ಆಸಕ್ತಿ ಇದ್ದಂತಿಲ್ಲ, ಒಂದು ಮಾತೂ ಬರಲಿಲ್ಲ" ಎಂದು, ಪತ್ರ ಬರೆದು ವಿಚಾರಿಸಿದ್ದ ಮೂರನೆಯವನನ್ನು ಕರೆದರಂತೆ.

ನಮ್ಮಲ್ಲಿ ಎಷ್ಟೋ ಕಂಪನಿಗಳ ನೋಟಿಸ್ ಪೀರಿಯಡ್ 90 ದಿನ. ಆಫರ್ ಲೆಟರ್ ಪಡೆದವರು ಅಷ್ಟರಲ್ಲಿ ಮನಸ್ಸು ಬದಲಿಸುವುದು ಮಾಮೂಲಿ, ಹಾಗಾಗಿ ಎಚ್‌ಆರ್‌ನವರು ಎರಡನೆಯ ಹೆಸರೊಂದನ್ನು ಇಟ್ಟುಕೊಂಡೇ ಇರುತ್ತಾರೆ. ಜೊತೆಗೆ ಸಂಬಳಕ್ಕೆ ಮೇಲಿನವರ ಒಪ್ಪಿಗೆ ಸಿಗಬೇಕು, ಸಹಿ ಆಗಬೇಕು. ತಡವಾಯಿತೆಂದರೆ ತಿರಸ್ಕರಿಸಿದರು ಎಂದೇನಲ್ಲ. ಇದು ಗೊತ್ತಿದ್ದಿದ್ದರೆ ನಾನು ಸುಮ್ಮನೆ ಕೂರುತ್ತಿರಲಿಲ್ಲ.

ಈಗ ಸಂದರ್ಶನದ ಕೋಣೆಯಿಂದ ಹೊರಡುವ ಮೊದಲೇ "ಯಾವಾಗ ವಿಚಾರಿಸಬಹುದು, ಯಾರನ್ನು ಕೇಳಲಿ?" ಎಂದು ಕೇಳಿಬಿಡುತ್ತೇನೆ. ಮರುದಿನದೊಳಗೆ ನಾಲ್ಕೈದು ಸಾಲಿನ ಮೇಲ್ ಕಳಿಸುತ್ತೇನೆ. ಬರೀ ಧನ್ಯವಾದದ ಮೇಲ್‌ಗೆ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯಿಲ್ಲ. ಸಂದರ್ಶನದಲ್ಲಿ ಅರ್ಧಕ್ಕೆ ನಿಂತ ಮಾತೊಂದನ್ನು ಮುಂದುವರಿಸಿದರೆ ಓದುವವರಿಗೆ ನಾವು ನೆನಪಾಗುತ್ತೇವೆ. ಅವರು ಹೇಳಿದ ದಿನ ದಾಟಿದ ಮೇಲೆ ಎರಡು ಸಾಲಿನಲ್ಲಿ ವಿಚಾರಿಸುತ್ತೇನೆ. ರಾತ್ರಿ ಹೊತ್ತು ವಾಟ್ಸಾಪ್ ಮಾಡುವುದು, ದಿನಾ ಫೋನ್ ಮಾಡುವುದು ಬೇಡವೇ ಬೇಡ. ಇನ್ನೊಮ್ಮೆ ಬರೆದರೂ ಉತ್ತರ ಬಾರದಿದ್ದರೆ ಬೇರೆ ಕಡೆ ಅರ್ಜಿ ಹಾಕುತ್ತೇನೆ.

ನನ್ನ ಹಾಗೆ ಕೇಳಲು ನಾಚುವ ತಮ್ಮಂದಿರೇ, ತಂಗಿಯರೇ, ಇವತ್ತು ಸಂದರ್ಶನ ಮುಗಿಸಿ ಬಂದಿದ್ದರೆ ನಾಳೆ ಸಂಜೆಯೊಳಗೆ ಆ ಪತ್ರ ಕಳಿಸಿಬಿಡಿ.