ಕೆಂಪು ಮನೆಯ ಐದು ವರ್ಷ

ಮನೆ ಕಟ್ಟುವವನು ಬಾಳಿನುದ್ದಕ್ಕೂ ಅಲ್ಲಿಯೇ ಇರುವೆನೆಂದು ನಂಬಿ ಕಟ್ಟುತ್ತಾನೆ. ಇಂಗ್ಲೆಂಡಿನ ಕವಿ ವಿಲಿಯಂ ಮಾರಿಸನೂ ಹಾಗೆಯೇ ನಂಬಿದ್ದನು. 1859ರಲ್ಲಿ ಜೇನ್ ಬರ್ಡನ್ನಳನ್ನು ವರಿಸಿದ ಅವನು ಲಂಡನ್ನಿನ ಸಮೀಪದ ಬೆಕ್ಸ್ಲಿಹೀತಿನಲ್ಲಿ ಒಂದು ಹಣ್ಣಿನ ತೋಟವನ್ನು ಕೊಂಡನು. ನಕ್ಷೆ ಬರೆದವನು ಗೆಳೆಯ ಫಿಲಿಪ್ ವೆಬ್. ಇಟ್ಟಿಗೆಯ ಮೇಲೆ ಗಿಲಾವು ಮಾಡಿ ಕಲ್ಲಿನ ಸೋಗು ಹಾಕಿಸುವುದೇ ಸಿರಿವಂತಿಕೆಯೆನಿಸಿದ್ದ ಕಾಲವದು. ವೆಬ್ ಕೆಂಪು ಇಟ್ಟಿಗೆಯನ್ನು ಮುಚ್ಚದೆ ಬಿಟ್ಟನು. ಕಡಿದಾದ ಹೆಂಚಿನ ಮಾಡು, ಅಂಗಳದಲ್ಲಿ ಶಂಕುವಿನಾಕಾರದ ಸೂರುಳ್ಳ ಬಾವಿ, ಸುತ್ತಲೂ ಉಳಿಸಿಕೊಂಡ ಹಣ್ಣಿನ ಮರಗಳು. ಹೆಸರೂ ಅಷ್ಟೇ ನೇರ: ‘ರೆಡ್ ಹೌಸ್’, ಕೆಂಪು ಮನೆ.

1860ರಲ್ಲಿ ದಂಪತಿಗಳು ಒಳಹೊಕ್ಕಾಗ ಗೋಡೆಗಳು ಬರಿದಾಗಿದ್ದವು. ಅಂಗಡಿಯ ಸಾಮಾನು ಮಾರಿಸನ ಮನಸ್ಸಿಗೆ ಒಗ್ಗಲಿಲ್ಲ. ಗೆಳೆಯ ಎಡ್ವರ್ಡ್ ಬರ್ನ್-ಜೋನ್ಸ್ ಗೋಡೆಯ ಮೇಲೆ ಚಿತ್ರ ಬರೆದನು. ಜೇನ್ ನೀಲಿ ಉಣ್ಣೆಬಟ್ಟೆಯಲ್ಲಿ ಡೇಸಿ ಹೂಗಳ ಕಸೂತಿ ಹಾಕಿದಳು. ಅತಿಥಿಗಳಾಗಿ ಬಂದವರೂ ಕುಂಚ ಹಿಡಿದರು. ಆ ಒಡನಾಟವೇ 1861ರಲ್ಲಿ ಗೃಹಾಲಂಕಾರದ ಒಂದು ಸಂಸ್ಥೆಯಾಯಿತು. ಮುಂದೆ ಕೈಗೆಲಸಕ್ಕೆ ಕಲೆಯ ಮಾನ ತಂದ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಚಳವಳಿಗೆ ಬೀಜವಾಯಿತು. ಜೆನಿ, ಮೇ ಎಂಬ ಹೆಣ್ಣುಮಕ್ಕಳಿಬ್ಬರು ಹುಟ್ಟಿದ್ದೂ ಇಲ್ಲಿಯೇ.

ಬರ್ನ್-ಜೋನ್ಸನ ಸಂಸಾರವೂ ಜೊತೆಗೆ ನೆಲೆಸಲೆಂದು ವೆಬ್ ಇನ್ನೊಂದು ಪಾರ್ಶ್ವಕ್ಕೆ ನಕ್ಷೆ ಬರೆದನು. ಆದರೆ 1864ರಲ್ಲಿ ಬರ್ನ್-ಜೋನ್ಸನ ಹೆಂಡತಿ ಜಾರ್ಜಿಯಾನ ಜ್ವರದಲ್ಲಿ ಬಿದ್ದಳು, ಹಸುಗೂಸು ತೀರಿಕೊಂಡಿತು. ಆ ಪಾರ್ಶ್ವ ಕಾಗದದಲ್ಲಿಯೇ ಉಳಿಯಿತು. ಮಾರಿಸನ ಆರೋಗ್ಯವೂ ಕೆಟ್ಟಿತು, ಆದಾಯ ಕುಗ್ಗಿತು, ಲಂಡನ್ನಿಗೆ ಹೋಗಿಬರುವುದು ಭಾರವಾಯಿತು. 1865ರಲ್ಲಿ ಕುಟುಂಬ ಮನೆ ಬಿಟ್ಟಿತು. ಮಾರಿಸ್ ಮತ್ತೆಂದೂ ಅತ್ತ ಹಾಯಲಿಲ್ಲ. ಅದನ್ನು ಕಣ್ಣಾರೆ ನೋಡುವುದೇ ಅವನಿಗೆ ಅಸಹನೀಯವಾಗಿತ್ತು.

ಮನೆಯ ಬಾಳು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಒಡೆಯರು ಬದಲಾದರು. 1952ರಲ್ಲಿ ಬಂದ ವಾಸ್ತುಶಿಲ್ಪಿ ಟೆಡ್ ಹಾಲಂಬಿಯ ಕುಟುಂಬ ಸುಮಾರು ಅರ್ಧ ಶತಮಾನ ಅದನ್ನು ಕಾಪಾಡಿತು. 2003ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಹತ್ತು ವರ್ಷಗಳ ಬಳಿಕ, ಮಲಗುವ ಕೋಣೆಯ ಕಪಾಟಿನ ಹಿಂದೆ, ಆ ಗೆಳೆಯರು ಬರೆದ ಭಿತ್ತಿಚಿತ್ರವೊಂದು ಬೆಳಕಿಗೆ ಬಂದಿತು. ಕೈಗಳು ಹೋದರೂ ಕೆಲಸ ಗೋಡೆಯಲ್ಲಿ ಕಾದಿತ್ತು.

ಮಾರಿಸ್ ತನಗೆಂದು ಆರಿಸಿಕೊಂಡ ಫ್ರೆಂಚ್ ಧ್ಯೇಯವಾಕ್ಯವು ತೋಟದ ಕಡೆಯ ಮೊಗಸಾಲೆಯ ಬಿಲ್ಲೆಗಳ ಮೇಲಿದೆ. ಅದರ ಅರ್ಥ ‘ನನ್ನಿಂದಾದರೆ’. ಬಾಳಿನುದ್ದಕ್ಕೂ ಇರುವುದು ಅವನಿಂದಾಗಲಿಲ್ಲ; ಇದ್ದ ಐದು ವರ್ಷ ಮನಸಾರೆ ಕಟ್ಟುವುದು ಆಯಿತು. ಮನೆ ಇಂದಿಗೂ ನಿಂತಿರುವುದು ಆ ಆದದ್ದರ ಮೇಲೆ.